ಪಾಷಾ ಸಾಹೇಬರ ಹೊಟ್ಟೆಗೆ ಬಿದ್ದ ಗಂಧಕ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿ ಹುಡುಕಿದರೂ, ಹಾಸಿಗೆ ಹೊಲಿಯುವ ಅಹಮದ್ ಪಾಷಾ ಬೆಂಕಿಕಡ್ಡಿ ಗೀರಿದ್ದನ್ನು ಕಂಡ ಮನುಷ್ಯ ಸಿಗುವುದಿಲ್ಲ. ಗೀರುವ ಮಾತು ಹಾಗಿರಲಿ, ಅಂಗಡಿಯವನು ಚಿಲ್ಲರೆ ಇಲ್ಲವೆಂದು ಒಂದು ಕಡ್ಡಿಪೆಟ್ಟಿಗೆ ಮುಂದಕ್ಕೆ ತಳ್ಳಿದರೆ ಪಾಷಾ ಹಾವು ಕಂಡವರಂತೆ ಹಿಂದಕ್ಕೆ ಹಾರುತ್ತಿದ್ದರು. ಇಂಥ ವ್ರತ ಇದ್ದಷ್ಟೇ ಇರುತ್ತದೆಯೆ? ಬೆಳೆಯಿತು. ಹತ್ತಿಯ ನಡುವೆ ಬದುಕುವ ಈ ಮಹಾಶಯ ಅಗ್ನಿಯೊಂದಿಗೆ ಒಪ್ಪಂದ ಮಾಡಿಕೊಂಡಿದ್ದಾನೆ, ಇವನು ಕಡ್ಡಿ ಮುಟ್ಟುವುದಿಲ್ಲ, ಬೆಂಕಿ ಇವನ ಹತ್ತಿ ಮುಟ್ಟುವುದಿಲ್ಲ ಎಂದರು ಹಾರನಹಳ್ಳಿಯವರು. ಸರಗೂರಿನ ಬಸ್‌ಸ್ಟ್ಯಾಂಡು ತಲುಪುವಾಗ ಅದು ಯಾವುದೋ ಜಿನ್ನಿಗೆ ಕೊಟ್ಟ ಮಾತಾಗಿತ್ತು. ಎನ್. ಬೇಗೂರಿಗೆ ಹೋಗುವಷ್ಟರಲ್ಲಿ ಪಾಷಾ ಕಣ್ಣಿನಿಂದಲೇ ಒಲೆ ಹೊತ್ತಿಸುತ್ತಾರೆ ಎಂದಾಗಿ, ಹಾಸಿಗೆ ಹೊಲಿಸಲು ಕರೆಸಿದ ಸಾಕಮ್ಮ ಎಂಬಾಕೆ ಅವರನ್ನು ಒದ್ದೆ ಸೌದೆಯ ಎದುರು ಕೂರಿಸಿ ಬಹಳ ಹೊತ್ತು ಭಕ್ತಿಯಿಂದ ಕಾದಳಂತೆ.

ಆದರೆ ಈ ಊರುಗಳಿಗೆಲ್ಲ ಗೊತ್ತಿಲ್ಲದ ಘೋರ ಸಂಗತಿ ಪಾಷಾ ಅವರ ಅಡುಗೆಮನೆಯಲ್ಲಿತ್ತು. ಅಲ್ಲಿ ಮೊಟ್ಟೆ ಇಲ್ಲ. ಈರುಳ್ಳಿ ಇಲ್ಲ. ಬೆಳ್ಳುಳ್ಳಿಯ ಒಂದು ಎಸಳೂ ಇಲ್ಲ! ಅವರ ಹೆಂಡತಿ ಜಮೀಲುನ್ನೀಸಾ ರಂಜಾನ್ ಹಬ್ಬಕ್ಕೂ ಬರೀ ಶುಂಠಿ ಅರೆದು ಬಿರಿಯಾನಿ ಮಾಡುತ್ತಿದ್ದರು. ಅದನ್ನು ತಿಂದ ಅವರ ತಮ್ಮ ಖಲೀಲ್ ತುತ್ತನ್ನು ಬಾಯಲ್ಲೇ ನಿಲ್ಲಿಸಿಕೊಂಡು, "ಆಪಾ, ಯಾರಿಗೆ ಹುಷಾರಿಲ್ಲ?" ಎಂದು ಕೇಳಿದ್ದ.

ಇದಕ್ಕೆಲ್ಲ ಮೂಲ ಒಂದು ಹಳೆಯ ಜ್ವರ. ಆಗ ಯಾವುದೋ ಮಾತ್ರೆ ನುಂಗಿ ಪಾಷಾ ಅವರ ಮೈಯೆಲ್ಲ ಗಂಧೆ ಎದ್ದು, ತುಟಿ ಬಾತು, ಮುಖ ಹಿಗ್ಗಿಹೋಗಿತ್ತು. ಡಾಕ್ಟರು ನೋಡಿ, "ಇವರಿಗೆ ಸಲ್ಫಾ ಆಗಲ್ಲ. ಎಲ್ಲಿ ಔಷಧಿ ತಗೊಂಡ್ರೂ ಮೊದಲು ಇದನ್ನ ಹೇಳಿ" ಎಂದಿದ್ದರು. ಜೊತೆಗೆ ಹೋಗಿದ್ದವರು ಹಾರನಹಳ್ಳಿಯ ರೈತ ಲಿಂಗರಾಜು, ಪಾಷಾ ಅವರ ಜೀವದ ಗೆಳೆಯ. ಪಾಷಾಗೆ ಅರ್ಥವಾಗದ್ದನ್ನು ಲಿಂಗರಾಜು ಹೊರಗೆ ಬಂದು ಬಿಡಿಸಿ ಹೇಳಿದರು.

"ಸಲ್ಪ ಆಗಾಕಿಲ್ವಂತೆ ಕಣ್ ಪಾಷಣ್ಣ."

"ಸಲ್ಪ ಆಗದೆ ಇದ್ರೆ ಜಾಸ್ತಿ ಆಗ್ತದಾ?"

"ಅದಲ್ಲ ಕಣಣ್ಣ! ಸಲ್ಪ ಅಂದ್ರೆ ಸಲ್ಪರ್ರು. ಮೆಣಸಿನ ಗಿಡಕ್ಕೆ ಬೂದಿರೋಗ ಬಂದ್ರೆ ಒಡೀತೀನಲ್ಲ, ಅಳದಿ ಪುಡಿ, ಗಂಧಕ. ಅದು ನಿನ್ ಒಟ್ಟೆಗೆ ಓಗ್ಯದೆ. ಗಂಧಕ ತಿಂದೆ, ಗಂಧೆ ಎದ್ತು. ಎಸ್ರಲ್ಲೇ ಇಲ್ವಾ?"

ಹೆಸರಿನಲ್ಲೇ ಇದ್ದ ಮೇಲೆ ಇನ್ನೇನು ಪರೀಕ್ಷೆ! ಅಂದಿನಿಂದ ಗಂಧಕ ಪಾಷಾ ಅವರ ಜನ್ಮವೈರಿ. ಬೆಂಕಿಕಡ್ಡಿಯ ತಲೆಯಲ್ಲಿ ಗಂಧಕ ಇದೆ ಎಂದು ಯಾರೋ ಹೇಳಿದರು, ಕಡ್ಡಿ ಹೋಯಿತು. ಕೆಟ್ಟ ಮೊಟ್ಟೆ ನಾರುವುದು ಗಂಧಕದಿಂದ ಎಂದರು, ಮೊಟ್ಟೆ ಹೋಯಿತು. ಈರುಳ್ಳಿ ಕಣ್ಣಲ್ಲಿ ನೀರು ತರಿಸುವುದೂ ಅದೇ ಎಂದು ಗೊತ್ತಾದ ದಿನ ಜಮೀಲುನ್ನೀಸಾ ಈರುಳ್ಳಿ ಇಲ್ಲದೆಯೇ ಅತ್ತರು.

ಹೀಗೆ ಕಾಪಾಡಿಕೊಂಡು ಬಂದ ಜೀವ. ಹತ್ತಿ ತುಂಬಿದ ಹಾಸಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ದಬ್ಬಣದಿಂದ ಚುಚ್ಚಿ ಚುಚ್ಚಿ ಹೊಲಿದು ಪಾಷಾ ಅವರ ಮಂಡಿ ಹೋಗಿತ್ತು. ಮಗ ಮುಬಷೀರ್ ಕೆ.ಆರ್. ನಗರದಿಂದ ಬರುವಾಗ ಮಂಡಿಗೆ ಒಳ್ಳೆಯದಂತೆ ಎಂದು ಒಂದು ಬಾಟಲಿ ಮಾತ್ರೆ ತಂದುಕೊಟ್ಟ. ಸಲ್ಫಾ ವಿಷಯ ಹೇಳಿದೆಯಾ ಎಂದು ಪಾಷಾ ಕೇಳಿದರು. "ಇದು ಔಷಧಿ ಅಲ್ಲ ಅಬ್ಬಾ, ಟಾನಿಕ್ ಇದ್ದಂಗೆ" ಎಂದ ಅವನು. ಟಾನಿಕ್ಕಿನಿಂದ ಸತ್ತವರು ಯಾರಿದ್ದಾರೆ? ಪಾಷಾ ದಿನವೂ ಚಹಾ ಆದ ಮೇಲೆ ನುಂಗುತ್ತಾ ಬಂದರು. ಬಾಟಲಿ ಅರ್ಧ ಇಳಿಯಿತು.

ಒಂದು ಬೆಳಿಗ್ಗೆ ಅವರು ಮಾತ್ರೆ ನುಂಗುತ್ತಿದ್ದಾಗ, ಕಾಲೇಜಿಗೆ ಹೊರಟಿದ್ದ ಮಗಳು ಹುಮೇರಾ ಸುಮ್ಮನೆ ಬಾಟಲಿ ತಿರುಗಿಸಿ ಸಣ್ಣಕ್ಷರ ಓದಿದಳು.

"ಅಬ್ಬಾ... ಇದರಲ್ಲಿರೋದೇ ಸಲ್ಫರ್."

ಪಾಷಾ ಕಣ್ಣು ಬಿಟ್ಟುಕೊಂಡು ನಿಂತರು. ಬಾಯಲ್ಲಿ ನೀರು ಮಾತ್ರ ಉಳಿದಿತ್ತು, ಮಾತ್ರೆ ಇಳಿದಾಗಿತ್ತು. ನೀರನ್ನು ಉಗಿಯಬೇಕೋ ನುಂಗಬೇಕೋ ತಿಳಿಯದೆ ಕೆನ್ನೆ ಉಬ್ಬಿಸಿಕೊಂಡೇ ಗೋಡೆ ಹಿಡಿದರು. ಅಡುಗೆಮನೆಯಿಂದ ಬಂದ ಜಮೀಲುನ್ನೀಸಾ ಕೈಯಲ್ಲಿದ್ದ ತಪ್ಪಲೆ ಕೈಬಿಟ್ಟರು.

"ಯಾ ಅಲ್ಲಾ! ನಾನು ಒಂದು ಎಸಳು ಬೆಳ್ಳುಳ್ಳಿ ಹಾಕಲಿಲ್ಲ, ಮಗ ಬಾಟಲಿಗಟ್ಟಲೆ ತಂದು ಹಾಕಿದ್ನಲ್ರೀ!"

ಹುಮೇರಾ ಲಿಂಗರಾಜುಗೆ ಫೋನ್ ಮಾಡಿದಳು. "ಮಾಮಾ, ಅಬ್ಬಾ ಸಲ್ಫರ್ ನುಂಗಿಬಿಟ್ಟಿದ್ದಾರೆ!"

"ಸಲ್ಪ ನುಂಗಿದ್ರೆ ಏನಾಯ್ತದೆ ಬುಡವ್ವ."

"ಸ್ವಲ್ಪ ಅಲ್ಲ ಮಾಮಾ, ಸಲ್ಫರ್! ಅರ್ಧ ಬಾಟಲಿ!"

"ಅಯ್ಯೋ ಸಿವನೇ! ಒಲೆ ತಾವ ಕೂರಿಸ್ಬ್ಯಾಡಿ! ಬಂದೆ!"

ಲಿಂಗರಾಜು ಬರುವಷ್ಟರಲ್ಲಿ ಪಾಷಾ ಅಂಗಿ ಬಿಚ್ಚಿ, ಯಾರದೋ ಮದುವೆಗೆಂದು ಹೊಲಿದಿಟ್ಟಿದ್ದ ಹೊಸ ಹಾಸಿಗೆಯ ಮೇಲೆ ಮಲಗಿದ್ದರು. ಜೀವಮಾನವೆಲ್ಲ ಚಾಪೆಯ ಮೇಲೆ ಮಲಗಿದ ಹಾಸಿಗೆಗಾರ! ಎಲ್ಲರೂ ಅವರ ಬೆನ್ನು, ಹೊಟ್ಟೆ, ಕಂಕುಳು ತಡಕಿ ನೋಡಿದರು. ಒಂದು ಗಂಧೆಯೂ ಇಲ್ಲ.

"ಒಳಗಡೀಕೆ ಎದ್ದವೆ. ಅದೇ ಡೇಂಜರ್ರು" ಎಂದರು ಲಿಂಗರಾಜು.

ಹುಮೇರಾ ಮಾತ್ರ, "ಇಷ್ಟು ದಿನ ತಿಂದ್ರೂ ಏನೂ ಆಗಿಲ್ವಲ್ಲ. ನಡೀರಿ ಡಾಕ್ಟ್ರ ಹತ್ರ" ಎಂದು ಗೂಡ್ಸ್ ಆಟೊ ಕರೆಸಲು ಹೋದಳು. ಆ ಸಂದಿಯಲ್ಲಿ ಪಾಷಾ ಗೆಳೆಯನ ಕೈ ಹಿಡಿದುಕೊಂಡರು. ಅಲ್ಲಾಹನ ಎದುರು ನಿಲ್ಲುವ ಮೊದಲು ಎದೆ ಹಗುರ ಮಾಡಿಕೊಳ್ಳಬೇಕಿತ್ತು.

"ಲಿಂಗರಾಜಣ್ಣ, ನಿನ್ ಮಗಳ ಮದ್ವೆಗೆ ಹೊಲ್ದು ಕೊಟ್ಟಿದ್ನಲ್ಲ, ಆ ಹಾಸಿಗೆ... ಪೂರಾ ಬೂರುಗದ ಹತ್ತಿ ಅಂದಿದ್ದೆ."

"ಈಗ್ಯಾಕಣ್ಣ ಆ ಮಾತು" ಎಂದು ಲಿಂಗರಾಜು ಟವೆಲಿನಿಂದ ಕಣ್ಣೊರೆಸಿಕೊಂಡರು.

"ಮೇಲೆ ಬೂರುಗ. ಕೆಳಗೆ ಬೂರುಗ. ನಡುವೆ..."

"ನಡುವೆ?"

"ಮಿಲ್ಲಿನ ಚಿಂದಿ."

ಲಿಂಗರಾಜು ಅವರ ಕಣ್ಣೀರು ಅಲ್ಲೇ ನಿಂತಿತು. ಬಾಯಿ ತೆರೆದದ್ದು ಮುಚ್ಚಲಿಲ್ಲ. ಗಂಧಕ ನುಂಗಿದವರು ಯಾರು ಎಂದು ಹೊರಗಿನವರು ಕೇಳಿದ್ದರೆ ಲಿಂಗರಾಜು ಅವರನ್ನೇ ತೋರಿಸಬೇಕಿತ್ತು.

"ಸಾಯ್ಬ್ಯಾಡ ಕಣಣ್ಣ" ಎಂದರು ಕೊನೆಗೆ, ಹಲ್ಲು ಕಚ್ಚಿಕೊಂಡು. "ನಿನ್ ದಮ್ಮಯ್ಯ, ಸಾಯ್ಬ್ಯಾಡ. ಮೊದ್ಲು ಅದ ಬಿಚ್ಚಿ ವಲ್ಕೊಡು. ನಮ್ ಬೀಗ್ರು ಬಂದ್ರೆ ಅದ್ರ ಮೇಲೇ ಮನಗದು!"

ಹಾಸಿಗೆಯ ಸಮೇತ ಪಾಷಾ ಅವರನ್ನು ಗೂಡ್ಸ್ ಆಟೊಗೆ ಏರಿಸಲಾಯಿತು. ಯುದ್ಧದಲ್ಲಿ ಬಿದ್ದ ದಂಡನಾಯಕನನ್ನು ಹೊತ್ತ ರಥದಂತೆ ಆಟೊ ಹುಣಸೂರಿನ ಪೇಟೆಬೀದಿಯಲ್ಲಿ ಸಾಗಿತು. ಅಂಗಡಿಯವರು ಎದ್ದು ನಿಂತರು. ಒಬ್ಬ ಗಿರಾಕಿ ಮಾತ್ರ ಆಟೊ ಪಕ್ಕ ಓಡುತ್ತಾ, "ಪಾಷಣ್ಣ, ಮಲಗಿರೋ ಹಾಸಿಗೆ ನಂದಾ?" ಎಂದು ಗಾಬರಿಯಿಂದ ಕೇಳುತ್ತಿದ್ದ.

ಕ್ಲಿನಿಕ್ಕಿನ ಡಾಕ್ಟರ್ ಮಧುಶ್ರೀ ನಾಡಿ ನೋಡಿದರು, ಬಿಪಿ ನೋಡಿದರು, ನಾಲಗೆ ನೋಡಿದರು, ಬಾಟಲಿ ಓದಿದರು. ಹಳೆಯ ಜ್ವರದ ಕಥೆ ಕೇಳಿದರು. ಗಂಧಕ ಮತ್ತು ಗಂಧೆಯ ಸಂಬಂಧವನ್ನು ಲಿಂಗರಾಜು ವಿವರಿಸುವಾಗ ಕಿಟಕಿಯ ಕಡೆ ಮುಖ ಮಾಡಿ ಕೊಂಚ ಹೊತ್ತು ಕೆಮ್ಮಿದರು.

"ನೋಡಿ, ಸಲ್ಫಾ ಅನ್ನೋದು ಒಂದು ಜಾತಿ ಮಾತ್ರೆಗಳ ಹೆಸರು. ಅದು ನಿಮಗೆ ಆಗಲ್ಲ, ಇನ್ನು ಮೇಲೂ ತಗೋಬೇಡಿ, ಎಲ್ಲ ಡಾಕ್ಟ್ರಿಗೂ ಹೇಳಿ. ಆದ್ರೆ ಗಂಧಕ ಬೇರೆ. ಅದಕ್ಕೂ ಇದಕ್ಕೂ ಹೆಸರು ಹತ್ರ, ಅಷ್ಟೇ. ಗಂಧಕ ಇಲ್ದೆ ಯಾರೂ ಬದುಕೋಕಾಗಲ್ಲ. ನಿಮ್ಮ ಕೂದಲಲ್ಲಿ ಇದೆ, ಉಗುರಲ್ಲಿ ಇದೆ, ಚರ್ಮದಲ್ಲಿ ಇದೆ."

ಪಾಷಾ ತಮ್ಮ ಹತ್ತು ಬೆರಳನ್ನೂ ದೂರ ಹಿಡಿದು ನೋಡಿಕೊಂಡರು. ವೈರಿ ಕೋಟೆಯ ಒಳಗೇ ಇದ್ದ!

"ನಾನು ಅದನ್ನ ತಿಂದೇ ಇಲ್ಲ ಮೇಡಂ!"

"ಮಟನ್ ತಿಂತೀರಾ?"

"ತಿಂತೀನಿ."

"ಬೇಳೆ? ಹಾಲು? ಕೋಸು?"

"ಎಲ್ಲಾ."

"ಎಲ್ಲದರಲ್ಲೂ ಇದೆ. ಊಟದಿಂದಲೇ ಬೇಕಾದಷ್ಟು ಸಿಗುತ್ತೆ."

ಜಮೀಲುನ್ನೀಸಾ ಬೆಂಚಿನ ತುದಿಗೆ ಬಂದರು. "ಬೆಳ್ಳುಳ್ಳಿ ತಿನ್ನಬಹುದಾ ಮೇಡಂ? ಈರುಳ್ಳಿ? ಮೊಟ್ಟೆ?"

"ಧಾರಾಳವಾಗಿ."

ಆ ತಾಯಿ ನಿಧಾನವಾಗಿ ಲಿಂಗರಾಜು ಕಡೆ ತಿರುಗಿದರು. ನಾಲ್ಕು ತಾಲ್ಲೂಕಿನಲ್ಲಿ ಕಣ್ಣಿನಿಂದ ಬೆಂಕಿ ಹೊತ್ತಿಸಬಲ್ಲವರು ಯಾರಾದರೂ ಇದ್ದರೆ ಆ ಕ್ಷಣ ಅದು ಅವರೇ. ಲಿಂಗರಾಜು ಟವೆಲು ತಲೆಗೆ ಹಾಕಿಕೊಂಡು, "ಅಂಗಾರೆ ಒಲಕ್ಕೆ ಒಡೆಯೋ ಪುಡೀನೂ ತಿನ್ಬೋದಾ ಮೇಡಂ?" ಎಂದು ಮಾತು ತಿರುಗಿಸಲು ನೋಡಿದರು.

"ಅದು ಗಿಡಕ್ಕೆ. ಮನುಷ್ಯರು ತಿನ್ನಬಾರದು!" ಎಂದು ಡಾಕ್ಟರೇ ಬೆಚ್ಚಿಬಿದ್ದರು.

"ನಮ್ ಪಾಷಣ್ಣ ಬದುಕ್ತಾನೆ ಅಲ್ವಾ?"

"ನೂರು ವರ್ಷ."

"ಕೇಳ್ದಾ ಪಾಷಣ್ಣ? ಆಸ್ಗೆ ನಾಳೀಕೇ ತತ್ತೀನಿ" ಎಂದರು ಲಿಂಗರಾಜು. ಪಾಷಾ ಸಾಯುವುದೇ ಮೇಲಿತ್ತು ಎನ್ನುವಂತೆ ಕಣ್ಣು ಮುಚ್ಚಿಕೊಂಡರು.

ಡಾಕ್ಟರು ಬಾಟಲಿಯನ್ನು ಇನ್ನೊಮ್ಮೆ ಕೈಗೆತ್ತಿಕೊಂಡರು. ಈ ಗಂಧಕದ ಮಾತ್ರೆಯಿಂದ ಕೆಲವರಿಗೆ ಕೀಲುನೋವು ಸ್ವಲ್ಪ ಇಳಿಯಬಹುದು, ಗಟ್ಟಿಯಾಗಿ ಹೇಳುವಷ್ಟು ಪುರಾವೆ ಇನ್ನೂ ಇಲ್ಲ ಎಂದರು. ಆಮೇಲೆ ಕುತೂಹಲದಿಂದ ಮುಂದಕ್ಕೆ ಬಾಗಿದರು. ಜಮೀಲುನ್ನೀಸಾ, ಹುಮೇರಾ, ಲಿಂಗರಾಜು, ಬಾಗಿಲಲ್ಲಿ ಇಣುಕುತ್ತಿದ್ದ ಗಿರಾಕಿ ಎಲ್ಲರೂ ಅವರೊಂದಿಗೇ ಬಾಗಿದರು.

"ಅರ್ಧ ಬಾಟಲಿ ತಿಂದಿದ್ದೀರಿ. ನೀವೇ ಹೇಳಿ, ಮಂಡಿ ನೋವು ಕಮ್ಮಿ ಆಯ್ತಾ?"

ಪಾಷಾ ಕಾಲು ಚಾಚಿದರು, ಮಡಿಸಿದರು, ಮತ್ತೆ ಚಾಚಿದರು.

"ಮಾತ್ರೆಯಿಂದ ಏನೂ ಆಗ್ಲಿಲ್ಲ ಮೇಡಂ. ಬೆಳಿಗ್ಗೆ ಸಾಯಕ್ಕೆ ಅಂತ ಹಾಸಿಗೆ ಮೇಲೆ ಮಲಗಿದ್ನಲ್ಲ, ಆವಾಗಿಂದ ನೋವಿಲ್ಲ."