ಎದ್ದು ನಿಲ್ಲುವ ಭಾರಕ್ಕೆ ಕಟ್ಟಿದ ಪಿಕಪ್

ಕೋವಿಡ್ ಕಳೆದ ಎರಡನೇ ವರ್ಷದ ಬೇಸಿಗೆ. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತನಾದ ನಾನು ಆಗ ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಒಂದು ತಗಡಿನ ಶೆಡ್ ನಡೆಸುತ್ತಿದ್ದೆ. ನಿವೃತ್ತಿಯ ಮೇಲೆ ಸುಮ್ಮನೆ ಕೂರಲು ನನಗೆ ಆಗಿರಲಿಲ್ಲ. ಕೆಟ್ಟಿಲ್ಲದ ಮಿಕ್ಸಿಯನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ ಒಂದು ದಿನ ನನ್ನ ಹೆಂಡತಿ, "ಎಲ್ಲಾರ ಹೋಗ್ರಿ ನೀವು. ಇಲ್ಲಾಂದ್ರೆ ನಾಳೆ ಬಾಗ್ಲು ಬಿಚ್ತೀರಾ" ಅಂದಿದ್ದಳು. ಟ್ರ್ಯಾಕ್ಟರ್ ಟ್ರೈಲರ್, ನೀರಿನ ಟ್ಯಾಂಕರ್ ಕಟ್ಟುವುದರಲ್ಲಿ ಪಳಗಿದ ವೆಲ್ಡರ್ ಮೌಲಾ ಸಾಬ್ ನನಗೆ ಹಳೇ ಪರಿಚಯ. ಇಬ್ಬರೂ ಸೇರಿ ಶೆಡ್ ಹಾಕಿದೆವು.

ಆ ಬೇಸಿಗೆಯಲ್ಲಿ ಡಾಕ್ಟರ್ ಸುಮಂಗಲ ಬಂದರು. ಊರಲ್ಲಿ ಶೇಂಗಾ ಎಣ್ಣೆ ಮಿಲ್ ನಡೆಸಿದ ಮನೆತನದ ಹೆಣ್ಣುಮಗಳು, ಪಶುವೈದ್ಯೆ. ಸರ್ಕಾರಿ ಕೆಲಸ ಬಿಟ್ಟು ತಾವೇ ಹಳ್ಳಿಹಳ್ಳಿ ಸುತ್ತಿ ದನ ಕುರಿಗಳಿಗೆ ಚಿಕಿತ್ಸೆ ಕೊಡುತ್ತಿದ್ದರು. ಅವರು ಓಡಿಸಿಕೊಂಡು ಬಂದದ್ದು ಸೆಕೆಂಡ್‌ಹ್ಯಾಂಡ್ ಪಿಕಪ್: ಡೀಸೆಲ್ ಎಂಜಿನ್, ಎರಡು ಸಾಲು ಸೀಟು, ಹಿಂದೆ ಚಿಕ್ಕ ತೊಟ್ಟಿ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುವ ಫೋರ್ ವೀಲ್ ಡ್ರೈವ್.

"ಫೋರ್‌ಮನ್ರೇ, ಇದು ಬಂಡೆ ಹತ್ತಬೇಕು. ಹತ್ತಿ, ಬಿದ್ದಿರೋ ದನನ ಮೇಲೆ ಹಾಕ್ಕೊಂಡು ಇಳೀಬೇಕು. ಆಗ್ತತಾ?" ಎಂದರು.

ಕಾರಣವನ್ನೂ ಹೇಳಿದರು. ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿನಲ್ಲಿ, ಮೊಳಕಾಲ್ಮೂರಿನ ಆಚೆಯ ಗುಡ್ಡಗಳಲ್ಲಿ ದನ ಕಾಲು ಮುರಿದುಕೊಂಡು ಬಿದ್ದರೆ ಟ್ರ್ಯಾಕ್ಟರ್ ಹೋಗುವುದಿಲ್ಲ. ಹೋದರೂ ನಾಲ್ಕು ಕ್ವಿಂಟಲ್ ತೂಗುವ ಎತ್ತನ್ನು ಹಗ್ಗ ಕಟ್ಟಿ ಎಳೆಯುವಾಗ ಉಳಿದ ಕಾಲೂ ಹೋಗುತ್ತದೆ. ಬಿದ್ದಲ್ಲೇ ಚಿಕಿತ್ಸೆ ಕೊಟ್ಟರೆ ನೀರು ನೆರಳಿಲ್ಲದೆ ಪ್ರಾಣಿ ಉಳಿಯುವುದಿಲ್ಲ. ಅವರ ಹಳೇ ಜೀಪು ಒಮ್ಮೆ ಬಂಡೆಯ ಮೇಲೆ ಹೊಟ್ಟೆ ಊರಿ ಕೂತು, ಅವರು ನಡೆದು ತಲುಪುವಷ್ಟರಲ್ಲಿ ಹೋರಿ ಸತ್ತಿತ್ತಂತೆ. ಅದಕ್ಕೇ ಅವರಿಗೆ ಎತ್ತರ ಬೇಕಿತ್ತು. ಬೇರೆ ದೇಶದ ಗಾಡಿಗಳ ವಿಡಿಯೋಗಳನ್ನು ಮೊಬೈಲಿನಲ್ಲಿ ಒಂದಾದ ಮೇಲೊಂದು ತೋರಿಸಿದರು. ಆನೆಯ ಹಾಗೆ ನಿಂತಿದ್ದ ಗಾಡಿಗಳು.

ನಮ್ಮಲ್ಲಿ ಗಾಡಿಯನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸಲು ಕಾನೂನು ಬಿಡುವುದಿಲ್ಲ. ಡ್ರಾಯಿಂಗ್ ಕೊಟ್ಟು, ಪ್ರಾಣಿ ಆಂಬುಲೆನ್ಸ್ ಎಂದು ಅನುಮತಿ ಕೇಳಿ, ಅದು ಬಂದ ಮೇಲೇ ಗ್ಯಾಸ್ ಕಟರ್ ಹಚ್ಚಿದೆವು. ತೊಟ್ಟಿ ಕಿತ್ತು, ಚಾಸಿಸ್ ಅಂದರೆ ಗಾಡಿಯ ಬೆನ್ನೆಲುಬಿನಂಥ ಉಕ್ಕಿನ ಚೌಕಟ್ಟನ್ನು ಬೆತ್ತಲೆ ಮಾಡಿ, ಅದರ ಮೇಲೆ ಪ್ರಾಣಿಯನ್ನು ಮಲಗಿಸುವ ಹೊಸ ಹಾಸು ಕಟ್ಟಿದೆವು. ಮುಂದೆ ಗಟ್ಟಿ ಕಾಯಿಲ್ ಸ್ಪ್ರಿಂಗ್, ಹಿಂದಿನ ಪಟ್ಟಿ ಸ್ಪ್ರಿಂಗಿಗೆ ಹೆಚ್ಚುವರಿ ಬ್ಲೇಡ್ ಸೆಟ್ ಹಾಕಿ ಗಾಡಿಯನ್ನು ನಾಲ್ಕು ಇಂಚು ಎತ್ತರಿಸಿದೆವು. ಮೂಲ ಟೈರಿಗಿಂತ ಎರಡು ಸೈಜ್ ದೊಡ್ಡ ಟೈರ್ ಏರಿಸಿದೆವು. ಒಂದು ಚಕ್ರ ಗಾಳಿಯಲ್ಲಿ ತಿರುಗಿದರೂ ಇನ್ನೊಂದು ನಿಲ್ಲದಂತೆ ಹಿಂದಿನ ಎರಡನ್ನೂ ಒಂದಾಗಿ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಕೂರಿಸಿದೆವು. ಹಾಸಿನ ತಲೆಭಾಗದಲ್ಲಿ ವಿಂಚ್: ಉಕ್ಕಿನ ಹಗ್ಗ ಸುತ್ತಿಕೊಳ್ಳುವ ವಿದ್ಯುತ್ ರಾಟೆ. ದಪ್ಪ ರಬ್ಬರ್ ಚಾಪೆಯ ಮೇಲೆ ಮಲಗಿಸಿದ ಪ್ರಾಣಿಯನ್ನು ಇಳಿಜಾರು ಹಲಗೆಯ ಮೇಲೆ ಎಳೆದುಕೊಳ್ಳುವುದು ಅದರ ಕೆಲಸ.

ಆಷಾಢ ಬಂತು. ನಮ್ಮ ಸೀಮೆಯ ಆಷಾಢ ಅಂದರೆ ಗಾಳಿ. ಶೆಡ್ಡಿನ ತಗಡು ದಿನವಿಡೀ ಹೊಡೆದುಕೊಳ್ಳುತ್ತಿತ್ತು. ಬಿಚ್ಚಿಟ್ಟ ಬೇರಿಂಗಿನೊಳಗೆ ಕೆಂಧೂಳು ತುಂಬುತ್ತಿತ್ತು. ಡಾಕ್ಟ್ರಮ್ಮನ ಫೋನ್ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಕೆಲಸ ಮುಗಿಯುತ್ತ ಬಂದಂತೆ ನನಗೆ ನೆಮ್ಮದಿಯಾಗುವ ಬದಲು ಏನೋ ಕಸಿವಿಸಿ ಶುರುವಾಯಿತು. ಊಟಕ್ಕೆ ಕೂತವನು ಎದ್ದು ಹೋಗಿ ಗಾಡಿಯ ಸುತ್ತ ತಿರುಗುತ್ತಿದ್ದೆ. ಬೋಲ್ಟು ಬಿಗಿ ನೋಡುತ್ತಿದ್ದೆ. ಎಲ್ಲ ಸರಿಯಾಗಿಯೇ ಇತ್ತು. ಐದು ಕ್ವಿಂಟಲ್ ಮರಳುಮೂಟೆ ಹೇರಿಕೊಂಡು ಊರ ಹೊರಗಿನ ಹಳೇ ಕ್ವಾರಿಯ ದಿಬ್ಬ ಹತ್ತಿಸಿದೆವು. ಗಾಡಿ ಮೇಕೆಯ ಹಾಗೆ ಹತ್ತಿತು. ಮೌಲಾ ಶಿಳ್ಳೆ ಹೊಡೆದ.

"ಭಾಯ್, ಇನ್ನೇನು ಯೋಚ್ನೆ? ಕೊಟ್ಬಿಡಣ" ಎಂದ.

"ಏನೋ ಸರಿ ಇಲ್ಲ ಮೌಲಾ."

"ಏನು ಅಂತ ಹೇಳ್ರಿ, ಮಾಡ್ತೀನಿ."

ಏನೆಂದು ನನಗೇ ಗೊತ್ತಿರಲಿಲ್ಲ. ಮರುದಿನ ಶೆಡ್ಡಿನ ಮುಂದೆ ಟ್ರ್ಯಾಕ್ಟರೊಂದು ನೀರಿನ ಟ್ಯಾಂಕರ್ ಎಳೆದುಕೊಂಡು ಹೋಯಿತು. ಟ್ಯಾಂಕರ್ ಅರ್ಧ ಖಾಲಿ ಇದ್ದಿರಬೇಕು. ರಸ್ತೆ ಗುಂಡಿಗೆ ಚಕ್ರ ಇಳಿದದ್ದೇ ಒಳಗಿನ ನೀರು ಒಂದು ಬದಿಗೆ ನುಗ್ಗಿ ಇಡೀ ಟ್ಯಾಂಕರ್ ವಾಲಿ, ಮತ್ತೆ ಸಾವರಿಸಿಕೊಂಡಿತು. ನಾನು ಸ್ಪ್ಯಾನರ್ ಕೆಳಗಿಟ್ಟೆ. ಮರಳುಮೂಟೆ ಇಟ್ಟಲ್ಲೇ ಇರುತ್ತದೆ. ನೋವು ತಿನ್ನುವ ಎತ್ತು ಇಟ್ಟಲ್ಲಿ ಇರುತ್ತದೆಯೇ? ಅದು ಒದ್ದಾಡುತ್ತದೆ, ಕೊಂಬು ಬೀಸುತ್ತದೆ, ಎದ್ದು ನಿಲ್ಲಲು ನೋಡುತ್ತದೆ. ಅಷ್ಟು ಎತ್ತರದ ಹಾಸಿನ ಮೇಲೆ, ಅಡ್ಡ ಇಳಿಜಾರಿನಲ್ಲಿ ಅದು ಎದ್ದರೆ?

ಮೂಟೆಗಳನ್ನು ಇಳಿಸಿ, ಹಾಸಿನ ಮೇಲೆ ನೀರಿನ ದೊಡ್ಡ ಸಿಂಟೆಕ್ಸ್ ಕಟ್ಟಿ ಅರ್ಧ ತುಂಬಿಸಿದೆವು. ಕ್ವಾರಿಯ ದಿಬ್ಬದ ಮೈಯ ಮೇಲೆ ಅಡ್ಡಡ್ಡ ಓಡಿಸುವುದು ಎಂದಾಯಿತು. ಮೌಲಾ ದಿಬ್ಬದ ನೆತ್ತಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ, ಅದರಿಂದ ಪಿಕಪ್ಪಿನ ಚಾಸಿಸ್ಸಿಗೆ ಸಡಿಲ ಬಿಟ್ಟು ಸರಪಳಿ ಕಟ್ಟಿದ. ಗಾಡಿ ಉರುಳಹೊರಟರೆ ಸರಪಳಿ ಹಿಡಿಯಬೇಕು. ನಾನು ಬೆಲ್ಟು ಹಾಕಿಕೊಂಡು ಸ್ಟಿಯರಿಂಗ್ ಹಿಡಿದೆ. ಮೊದಲ ಸುತ್ತು ಏನೂ ಆಗಲಿಲ್ಲ. ಎರಡನೆಯದರಲ್ಲಿ ಕೆಳಗಿನ ಚಕ್ರ ಒಂದು ತಗ್ಗಿಗೆ ಇಳಿಯಿತು. ಬೆನ್ನ ಹಿಂದೆ ನೀರು ನುಗ್ಗಿದ ಸದ್ದು ಕೇಳಿತು. ಕಿಟಕಿಯಲ್ಲಿ ಆಕಾಶ ಜಾರಿತು. ಮೇಲಿನ ಬದಿಯ ಎರಡು ಚಕ್ರಗಳೂ ನೆಲ ಬಿಟ್ಟಿದ್ದವು. ಸರಪಳಿ ಠಣ್ಣೆಂದು ಬಿಗಿಯಿತು. ಗಾಡಿ ವಾಲಿಕೊಂಡೇ ನಿಂತಿತು.

"ಇಳೀಬ್ಯಾಡ್ರಿ, ಅಲ್ಲೇ ಕೂತ್ಕಳ್ರಿ!" ಮೌಲಾ ಕೂಗುತ್ತ ಟ್ರ್ಯಾಕ್ಟರ್ ಹಿಂದೆಗೆದ. ಚಕ್ರಗಳು ನೆಲಕ್ಕೆ ಬಂದವು. ಕೆಳಗಿಳಿದು ನೆಲ ಬಿಟ್ಟಿದ್ದ ಚಕ್ರಗಳನ್ನು ಮುಟ್ಟಿ ನೋಡಿದೆ. ಎಷ್ಟೋ ದಿನಗಳಿಂದ ಕಾಡುತ್ತಿದ್ದದ್ದಕ್ಕೆ ಒಂದು ಹೆಸರು ಸಿಕ್ಕಿತ್ತು: ಹೊರಳಾಡುವ ಭಾರಕ್ಕೆ ಈ ಎತ್ತರ ಹೆಚ್ಚಾಗಿತ್ತು.

ಎಲ್ಲವನ್ನೂ ಮತ್ತೆ ಬಿಚ್ಚಬೇಕು ಎಂದು ಹೇಳಿದಾಗ ಡಾಕ್ಟ್ರಮ್ಮ ಸಿಟ್ಟಾದರು. ಆದರೂ ಒಪ್ಪಿದರು. ನಾವು ಸ್ಪ್ರಿಂಗ್ ಬಿಚ್ಚಿ, ಹಾಸನ್ನು ಕತ್ತರಿಸಲು ಗುರುತು ಹಾಕಿಕೊಂಡಿದ್ದ ದಿನವೇ ಅವರು ಓಡುತ್ತ ಬಂದರು. ನನ್ನಿವಾಳದ ಕಡೆಯ ರೈತನ ಗಬ್ಬದ ಹಸು ಹಳ್ಳದ ಕೊರಕಲಿಗೆ ಬಿದ್ದಿತ್ತು.

"ಮೊದ್ಲಿನ ಸ್ಪ್ರಿಂಗ್ ಹಂಗೇ ಏರಿಸ್ಕೊಡ್ರಿ. ಇವತ್ತೊಂದಿನ ತಗೊಂಡು ಹೋಗ್ತೀನಿ."

"ಆಗಲ್ಲ ತಾಯಿ."

"ನನ್ನ ಗಾಡಿ ಇದು. ಕೀಲಿ ಕೊಡ್ರಿ."

"ನಿಮ್ದೇ ಗಾಡಿ. ಆದ್ರೆ ಇದ್ರ ಮೇಲೆ ಹಸು ಹತ್ಸಿ, ಹಿಡ್ಕಣಕೆ ಇಬ್ರು ಮೂರು ಜನ ಹತ್ತಿ ಕೂತ್ಕಂತಾರೆ. ನಾನು ಕೊಡಲ್ಲ."

ಅವರು ಚಾಚಿದ್ದ ಕೈ ಹಿಂದೆಗೆದುಕೊಂಡರು. ಆಮೇಲೆ ಬಾಡಿಗೆ ಟ್ರ್ಯಾಕ್ಟರ್ ಹಿಡಿದು ಹೊರಟರು. ಸಂಜೆಗೆ ಫೋನ್ ಬಂತು. ಹಸು ಹೋಯಿತು, ಹೊಟ್ಟೆಯೊಳಗಿನ ಕರುವೂ ಹೋಯಿತು ಎಂದಷ್ಟೇ ಹೇಳಿ ಇಟ್ಟರು. ಅಲ್ಲಿಂದ ಬೆಳಗಿನ ಫೋನೂ ಇಲ್ಲ, ಮಧ್ಯಾಹ್ನದ್ದೂ ಇಲ್ಲ. ಫೋನ್ ಬಂದಾಗ ಕಿರಿಕಿರಿಯಾಗುತ್ತಿದ್ದ ನನಗೆ, ಬಾರದಿದ್ದಾಗ ಕೈ ಓಡದಾಯಿತು. ಕೊರಕಲಿಗೆ ಹೋಗುವ ದಾರಿ ಸಮವಾಗಿತ್ತಂತೆ, ಅಡ್ಡ ಇಳಿಜಾರೇ ಇರಲಿಲ್ಲವಂತೆ ಎಂದು ಯಾರೋ ಹೇಳಿದರು. ಅದು ನಿಜವೋ ಸುಳ್ಳೋ ನೋಡಿಬರಲು ಎರಡು ಸಲ ಬೈಕ್ ಹತ್ತಿ, ಊರು ದಾಟುವ ಮೊದಲೇ ತಿರುಗಿ ಬಂದೆ.

ಆ ತಳಮಳದಲ್ಲೇ ಗಾಡಿಯನ್ನು ಮತ್ತೆ ಕಟ್ಟಿದೆವು. ಎತ್ತರವನ್ನು ಎರಡು ಇಂಚಿಗೆ ಇಳಿಸಿದೆವು, ಟೈರನ್ನು ಒಂದು ಸೈಜ್ ಕಡಿಮೆ ಮಾಡಿದೆವು. ಬಂಡೆಯನ್ನು ದಾಟಲು ಎತ್ತರ ಸಾಲದಿದ್ದರೆ ಅದರ ಮೇಲೆ ಜಾರಿಕೊಂಡು ಹೋಗಲಿ ಎಂದು ಎಂಜಿನ್ನಿನಿಂದ ಹಿಂದಿನವರೆಗೆ ಹೊಟ್ಟೆಗೆ ದಪ್ಪ ಉಕ್ಕಿನ ತಗಡು ಬಡಿದೆವು. ನೀರಿನ ಟ್ಯಾಂಕು, ಎರಡನೇ ಬ್ಯಾಟರಿ, ಸಲಕರಣೆ ಪೆಟ್ಟಿಗೆ ಎಲ್ಲವನ್ನೂ ಚಾಸಿಸ್ಸಿನ ಪಕ್ಕೆಗಳಿಗೆ ತಗ್ಗಿನಲ್ಲಿ ತೂಗುಹಾಕಿದೆವು. ಮೌಲಾ ಹಾಸಿನ ಎರಡೂ ಬದಿಗೆ ರೆಗ್ಜಿನ್ ಹೊದಿಸಿದ ಗೋಡೆ ಕಟ್ಟಿದ. ಗೋಡೆಯಿಂದ ಗೋಡೆಗೆ ಅಗಲವಾದ ನೈಲಾನ್ ಪಟ್ಟೆಗಳು. ಪ್ರಾಣಿ ಮಲಗಿದ್ದಲ್ಲಿಂದ ತಲೆ ಎತ್ತಬಹುದು, ಮೈ ಎತ್ತಲಾಗದು. ಅರ್ಧ ನೀರಿನ ಸಿಂಟೆಕ್ಸ್ ಹೊತ್ತು ಅದೇ ದಿಬ್ಬ, ಅದೇ ತಗ್ಗು. ಗಾಡಿ ವಾಲಿತು. ಚಕ್ರ ನೆಲ ಬಿಡಲಿಲ್ಲ.

ಡಾಕ್ಟ್ರಮ್ಮ ಬಂದು ಕೀಲಿ ತೆಗೆದುಕೊಂಡರು. ತಕ್ಷಣ ಗಾಡಿ ಹತ್ತಿ ಹೊರಟುಹೋದರು. ಆದರೆ ಮೊದಲ ದೊಡ್ಡ ಕರೆ ಬಂದಾಗ ಶೆಡ್ಡಿನ ಮುಂದೆ ನಿಲ್ಲಿಸಿ ಹಾರನ್ ಒತ್ತಿದರು. "ಹತ್ರಿ. ನೀವು ಕಟ್ಟಿದ್ದು ನೀವೇ ನೋಡ್ರಿ."

ಮೊಳಕಾಲ್ಮೂರು ದಾಟಿ, ಆಂಧ್ರದ ಗಡಿಗೆ ಅಂಟಿಕೊಂಡ ಬಂಡೆಗುಡ್ಡ. ಅಲ್ಲಿ ದೇವರ ಎತ್ತುಗಳ ಹಿಂಡು ಮೇಯುತ್ತಿತ್ತು. ದೇವರ ಹೆಸರಲ್ಲಿ ಬಿಟ್ಟ ಈ ಎತ್ತುಗಳನ್ನು ಹೂಡುವುದಿಲ್ಲ, ಮಾರುವುದಿಲ್ಲ. ಅವುಗಳನ್ನು ಕಾಯುವವನಿಗೆ ಕಿಲಾರಿ ಎನ್ನುತ್ತಾರೆ. ಕಿಲಾರಿ ಬೋರಯ್ಯ ಐವತ್ತು ದಾಟಿದ ಆಳು, ಬರಿಗಾಲಲ್ಲಿ ಬಂಡೆಯಿಂದ ಬಂಡೆಗೆ ಹಾರುತ್ತ ನಮಗೆ ದಾರಿ ತೋರಿಸಿದ. ಎರಡು ಕಡೆ ಗಾಡಿಯ ಹೊಟ್ಟೆ ಕಲ್ಲಿಗೆ ತಾಗಿ ಕಿರಗುಟ್ಟಿತು, ಜಾರಿಕೊಂಡು ಮುಂದೆ ಹೋಯಿತು. ಬಂಡೆಗಳ ಸಂದಿನಲ್ಲಿ ಬಿಳಿ ಎತ್ತು ಮುಂಗಾಲು ಸಿಕ್ಕಿಸಿಕೊಂಡು ಬಿದ್ದಿತ್ತು.

ದೇವರ ಎತ್ತಾದ್ದರಿಂದ ಚಪ್ಪಲಿ ಬಿಚ್ಚಿಟ್ಟು ಹತ್ತಿರ ಹೋದೆವು. ಡಾಕ್ಟ್ರಮ್ಮ ಇಂಜೆಕ್ಷನ್ ಕೊಟ್ಟು, ಕಾಲು ಬಿಡಿಸಿ, ದಬ್ಬೆ ಕಟ್ಟಿದರು. ಚಾಪೆಗೆ ಹೊರಳಿಸಿದೆವು. ವಿಂಚ್ ಮೆಲ್ಲಗೆ ಸುತ್ತಿಕೊಂಡಿತು. ಎತ್ತು ಹಲಗೆಯ ಮೇಲೆ ಏರಿ ಹಾಸಿನ ನಡುವೆ ಬಂದು ಮಲಗಿತು. ಪಟ್ಟೆ ಬಿಗಿದೆವು. ಬೋರಯ್ಯ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಸಿನಲ್ಲೇ ಕೂತ. ಇಳಿ ಎಂದರೆ ಇಳಿಯಲಿಲ್ಲ.

"ನಾನು ಬಿಟ್ಟು ಬರಾದಿಲ್ಲ ಸಾಮಿ. ನಾನಿಲ್ದಿದ್ರೆ ಅದು ಹೆದ್ರಿಕಂತೈತೆ" ಎಂದ.

ಹತ್ತುವಾಗ ಸುತ್ತುಹಾಕಿ ಬಂದ ದಾರಿ ಭಾರ ಹೊತ್ತು ಇಳಿಯಲಾಗದಷ್ಟು ಕಡಿದಾಗಿತ್ತು. ಗುಡ್ಡದ ಮೈಯನ್ನು ಅಡ್ಡಲಾಗಿ ಹಾಯಲೇಬೇಕಿತ್ತು. ಎಡಕ್ಕೆ ಕಣಿವೆ. ನಾನು ಮುಂದೆ ನಡೆಯುತ್ತ ಚಕ್ರ ಎಲ್ಲಿ ಇಡಬೇಕೆಂದು ಕೈ ತೋರಿಸುತ್ತಿದ್ದೆ. ನಡುವಿನಲ್ಲಿ ಒಂದು ಕಲ್ಲು ಚಕ್ರದಡಿ ಕಳಚಿ ಉರುಳಿತು. ಗಾಡಿ ಕುಸಿದು ವಾಲಿತು, ಎತ್ತು ಬೆಚ್ಚಿಬಿತ್ತು. ಕತ್ತು ಎಗರಿಸಿ ಮೈಯೆಲ್ಲ ಬಲ ಹಾಕಿ ಏಳಹೊರಟಿತು. ಪಟ್ಟೆಗಳು ಲಟಲಟ ಎಂದವು. "ಲೇವೊದ್ದು ನಾಯನಾ, ಲೇವೊದ್ದು," ಏಳಬೇಡಪ್ಪಾ ಎಂದು ಬೋರಯ್ಯ ತೆಲುಗಿನಲ್ಲಿ ಅದರ ಕಿವಿಯೊಳಗೆ ಗೋಗರೆಯುತ್ತಿದ್ದ. ನನ್ನ ಕಣ್ಣು ಮೇಲಿನ ಬದಿಯ ಹಿಂದಿನ ಚಕ್ರದ ಮೇಲಿತ್ತು. ಟೈರಿನ ಅಂಚು ಹಗುರಾಯಿತು. ಇನ್ನೇನು ಬಿಟ್ಟಿತು ಅನ್ನಿಸಿತು. ಬಿಡಲಿಲ್ಲ. ಎತ್ತು ದೊಡ್ಡದೊಂದು ಉಸಿರು ಬಿಟ್ಟು ತಲೆ ಇಳಿಸಿತು. ಡಾಕ್ಟ್ರಮ್ಮ ಬ್ರೇಕಿನ ಮೇಲೆ ಕಾಲೊತ್ತಿಕೊಂಡು, ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ನನ್ನನ್ನೇ ನೋಡುತ್ತಿದ್ದರು. ಬನ್ನಿ ಎಂದು ಕೈ ಬೀಸಿದೆ. ಬಂದರು.

ಎತ್ತು ಬದುಕಿತು, ಸ್ವಲ್ಪ ಕುಂಟುತ್ತದೆ ಅಷ್ಟೆ. ಆ ದಿನ ಎತ್ತನ್ನು ಗುಡ್ಡದ ಕೆಳಗಿನ ಹಟ್ಟಿಯಲ್ಲಿ ಇಳಿಸಿ ಹಿಂತಿರುಗುವಾಗ ಮೊಳಕಾಲ್ಮೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಟೀ ಕುಡಿಯುತ್ತ ಅವರು ಕೇಳಿದರು:

"ಆವತ್ತು ಕೀಲಿ ಕೊಟ್ಟಿದ್ರೆ ನನ್ನಿವಾಳದ ಹಸು ಉಳೀತಿತ್ತಲ್ರಿ?"

"ಉಳೀತಿತ್ತೇನೋ. ನನಗೆ ಗೊತ್ತಿಲ್ಲ ತಾಯಿ."

"ಆ ಸಿಟ್ಟು ನನಗಿನ್ನೂ ಐತೆ. ಸುಳ್ಳು ಹೇಳಲ್ಲ." ಟೀ ಲೋಟ ಕೆಳಗಿಟ್ಟು ಹೇಳಿದರು: "ಇವತ್ತು ಬೋರಯ್ಯ ಹಿಂದೆ ಕೂತಿದ್ದ. ಅದೂ ಗೊತ್ತೈತೆ."

ಅಷ್ಟೇ ನಮ್ಮ ಮಾತು. ಆ ಗಾಡಿ ಇವತ್ತಿಗೂ ಓಡುತ್ತಿದೆ, ಸರ್ವಿಸಿಗೆ ನಮ್ಮಲ್ಲಿಗೇ ಬರುತ್ತದೆ. ಡಿಪೋದಲ್ಲಿದ್ದಾಗ, ಸರಿಯಾದ ನಿರ್ಧಾರ ತೆಗೆದುಕೊಂಡರೆ ಮನಸ್ಸು ತಣ್ಣಗಾಗುತ್ತದೆ ಎಂದು ನಾನು ನಂಬಿದ್ದೆ. ಈ ಕೆಲಸ ಅದನ್ನು ತಿದ್ದಿತು. ಗಾಡಿ ಸರಿ ಇದೆಯೇ ಎಂಬುದಕ್ಕೆ ದಿಬ್ಬ ಉತ್ತರ ಕೊಡುತ್ತದೆ. ನಾನು ಮಾಡಿದ್ದು ಸರಿಯೇ ಎಂಬುದಕ್ಕೆ ಉತ್ತರ ಕೊಡುವವರು ಯಾರೂ ಇಲ್ಲ. ಅದನ್ನು ಹೊತ್ತುಕೊಂಡೇ ನಾಳೆಯ ಕೆಲಸ ಮಾಡಬೇಕು. ಈಗ ಯಾರಾದರೂ ಗಾಡಿ ಕಟ್ಟಿಸಲು ಬಂದರೆ ಎಷ್ಟು ತೂಕ ಹಾಕುತ್ತೀರಿ ಎಂದು ನಾನು ಮೊದಲು ಕೇಳುವುದಿಲ್ಲ. ಹಾಕಿದ ಮೇಲೆ ಆ ತೂಕ ಏನು ಮಾಡುತ್ತದೆ, ಅದರ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂದು ಕೇಳುತ್ತೇನೆ.