ಅಂಗಮಾರಿಯ ಹಾಡುಗಾರ

ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ಹೋಗುವ ಬಸ್ಸಿನ ಕಂಡಕ್ಟರ್ ಭಾನುಪ್ರಿಯಾಗೆ ಆ ದಾರಿಯ ಎಷ್ಟೋ ಜನರ ಮುಖ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಒಬ್ಬನ ವಿಷಯದಲ್ಲಿ ಮಾತ್ರ ಅದು ತಿರುವುಮುರುವಾಯಿತು. ಹೆಸರು ಯಾವತ್ತಿನಿಂದಲೋ ಗೊತ್ತಿತ್ತು. ಮುಖ ಎದುರಿಗೆ ಬಂದಾಗ ಗುರುತೇ ಹತ್ತಲಿಲ್ಲ.

ಹೊಳೆನರಸೀಪುರದ ಸ್ಟ್ಯಾಂಡಿನಲ್ಲಿ ಒಂದು ಮಧ್ಯಾಹ್ನ ಅವನು ಹತ್ತಿದ. ಬಿಸಿಲಿದ್ದರೂ ಮೈತುಂಬ ಶಾಲು. ಎಡಗೈಗೆ ಹತ್ತಿ ಇಟ್ಟು ಪಟ್ಟಿ ಸುತ್ತಿದ್ದರು. ಹೆಂಗಸರೇ ತುಂಬಿದ್ದ ಬಸ್ಸಿನಲ್ಲಿ ಜಾಗ ಹುಡುಕುತ್ತ ಕಂಬಿ ಹಿಡಿದು ನಿಂತ. ಯಾರೋ ಅಜ್ಜಿ ಕನಿಕರಪಟ್ಟು ಮಗ್ಗುಲಿಗೆ ಸರಿದರು.

"ಅರಕಲಗೂಡು, ಒಂದು," ಅಂದ.

ಭಾನುಪ್ರಿಯಾಳ ಕೈ ಟಿಕೆಟ್ ಮೆಷಿನ್ನಿನ ಮೇಲೆ ನಿಂತುಹೋಯಿತು. ದನಿ ಸಣ್ಣಗಿತ್ತು, ಆದರೆ ಅದರ ತಳದಲ್ಲಿ ಮರಳು ಉಜ್ಜಿದಂಥ ಒಂದು ಗೀರು ಇತ್ತು. ಅಂಥ ದನಿ ಹಾಸನ ಜಿಲ್ಲೆಯಲ್ಲಿ ಇಬ್ಬರಿಗೆ ಇರಲು ಸಾಧ್ಯವಿರಲಿಲ್ಲ.

"ನೀವು ಶಾಂತರಾಜು ಅಲ್ವಾ ಸಾ? ಅಂಗಮಾರಿ?"

ಅವನು ತಲೆಯೆತ್ತಿ ನೋಡಿದ. "ಅಂಗಮಾರಿ ಆಲೂಗಡ್ಡೆಗೆ ಬರೋ ರೋಗ ಕಣವ್ವ," ಅಂದ. ಆಮೇಲೆ, ಎಷ್ಟೋ ದಿನದಿಂದ ನಗದವನ ಹಾಗೆ, ನಿಧಾನವಾಗಿ ನಕ್ಕ.

ಅದು ರೋಗದ ಹೆಸರೇ. ಗಿಡದ ಎಲೆ ಕಪ್ಪಾಗಿ, ಗೆಡ್ಡೆ ಕೊಳೆತು, ಹಾಸನದ ಸೀಮೆಗೆ ಸೀಮೆಯೇ ಕಂಗಾಲಾದ ವರ್ಷದಲ್ಲಿ ಅದೇ ಹೆಸರಿನ ಅವನ ಬ್ಯಾಂಡು ಹುಟ್ಟಿತ್ತು. ಶಾಂತರಾಜು ಆಗ ಹಾಸನದ ಹೊರವಲಯದ ಒಂದು ಶೀತಲಗೃಹದಲ್ಲಿ ಬಿತ್ತನೆ ಆಲೂಗಡ್ಡೆಯ ಮೂಟೆ ಹೊರುತ್ತಿದ್ದ. ಊರು ಅರಕಲಗೂಡಿನ ಕಡೆಯ ಒಂದು ಸಣ್ಣ ಹಳ್ಳಿ, ಊರಾಚೆಯ ಕೇರಿ. ಚಳಿಗಾಲದಲ್ಲಿ ಹಾಸನಕ್ಕೆ ಸ್ವೆಟರ್ ಮಾರಲು ಬರುತ್ತಿದ್ದ ಟಿಬೆಟಿಯನ್ ಹುಡುಗನೊಬ್ಬ ಅವನಿಗೊಂದು ಕ್ಯಾಸೆಟ್ಟು ಕೊಟ್ಟಿದ್ದನಂತೆ. ಅದರಲ್ಲಿ ಯಾರೋ ಪರದೇಶದವರು ಗಂಟಲು ಹರಿಯುವ ಹಾಗೆ ಅರಚಿದ್ದರು. ಮಾತು ಒಂದೂ ತಿಳಿಯಲಿಲ್ಲ. ಆದರೆ ಸಿಟ್ಟು ಪೂರ್ತಿ ತಿಳಿಯಿತು ಎಂದು ಅವನು ಹೇಳುತ್ತಿದ್ದ. ಅದನ್ನು ಪಂಕ್ ರಾಕ್ ಅನ್ನುತ್ತಾರೆಂದು ಆಮೇಲೆ ಯಾರೋ ಹೇಳಿಕೊಟ್ಟರು. ಶೀತಲಗೃಹದ ಕಾವಲುಗಾರ ಗಂಗಯ್ಯ ಅದನ್ನು ಕೊನೆಯವರೆಗೂ "ಪಂಕಾ ರಾಕು" ಎಂದೇ ಕರೆದ. ಒಳಗೆ ಗಾಳಿ ಬೀಸುವ ಅಷ್ಟೆತ್ತರದ ಪಂಕಾಗಳು ತಿರುಗುತ್ತಿದ್ದುದರಿಂದ ಅವನಿಗೆ ಆ ಹೆಸರು ಸರಿಯಾಗೇ ಇದೆ ಅನ್ನಿಸಿತ್ತು.

ಭಾನುಪ್ರಿಯಾ ಅವನನ್ನು ಮೊದಲು ಕೇಳಿದ್ದು ಬಿ.ಎ. ಓದುವಾಗ. ಕಾಲೇಜು ಡೇಗೆ ಗೊತ್ತುಮಾಡಿದ್ದ ಆರ್ಕೆಸ್ಟ್ರಾ ಕೈಕೊಟ್ಟಿತು. ಯಾರೋ ಹುಡುಗರು "ನಮ್ ಬಸವರಾಜು ಡ್ರಮ್ಮು ಬಾರಿಸ್ತಾನೆ, ಅವನ ಕಡೆಯೋರು ಅವ್ರೆ" ಎಂದು ಇವರನ್ನು ಕರೆತಂದರು. ಶೀತಲಗೃಹದಲ್ಲಿ ಹಾಕುವ ದಪ್ಪ ಕೋಟು, ಉಣ್ಣೆಯ ಟೋಪಿ ತೊಟ್ಟು ಒಬ್ಬ ಸಣಕಲ ವೇದಿಕೆ ಹತ್ತಿದ. ಎಲ್ಲರೂ ನಕ್ಕರು. ಅವನು ಮೈಕು ಹಿಡಿದು, ನಮಸ್ಕಾರವನ್ನೂ ಹೇಳದೆ ಶುರುಮಾಡಿದ:

*ಮೆತ್ತಗಿರು ಅಂದ್ರು, ಮೆತ್ತಗಾದೆ,*
*ಒತ್ತಟ್ಗಿರು ಅಂದ್ರು, ಒತ್ತಟ್ಗಾದೆ,*
*ಇನ್ನೆಲ್ಲಿಗ್ಲಾ ಓಗ್ಲಿ? ಇನ್ನೆಲ್ಲಿಗ್ಲಾ?*

ಮೊದಲ ಸಾಲಿನಲ್ಲಿದ್ದ ಅತಿಥಿಗಳು ಕಿವಿ ಮುಚ್ಚಿಕೊಂಡರು. ಎರಡನೇ ಹಾಡಿಗೆ ಕರೆಂಟು ತೆಗೆಸಿದರು. ಮೈಕು ಸತ್ತಿತು, ಗಿಟಾರು ಸತ್ತಿತು, ಬಸವರಾಜುವಿನ ಡ್ರಮ್ಮೊಂದು ಉಳಿಯಿತು. ಶಾಂತರಾಜು ವೇದಿಕೆಯಿಂದ ಧುಮುಕಿ ಜನರ ನಡುವೆ ನಿಂತು ಬರಿಗಂಟಲಲ್ಲಿ ಹಾಡು ಮುಗಿಸಿದ. ಅದು ಕಟ್ಟಕಡೆಯಲ್ಲಿ, ಗೋಡೆಗೆ ಒರಗಿ ನಿಂತಿದ್ದ ಭಾನುಪ್ರಿಯಾಗೂ ಮುಟ್ಟಿತು. ಅವಳ ಅಪ್ಪ ಲಕ್ಕಯ್ಯ ಹೋಟೆಲಿನ ಹೊರಗೆ ನಿಂತು ಚಹಾ ಕುಡಿಯುವುದನ್ನು ಚಿಕ್ಕಂದಿನಿಂದ ನೋಡಿದ್ದವಳು ಅವಳು. ಒತ್ತಟ್ಟಿಗಿರು ಅಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. "ಇನ್ನೆಲ್ಲಿಗ್ಲಾ?" ಎಂದು ಅವನು ಕೂಗಿದಾಗ ಅವಳೂ ಕೂಗಿದಳು. ಪಕ್ಕದಲ್ಲಿದ್ದ ಸೌಜನ್ಯ ಬೆಚ್ಚಿ ನೋಡಿ, ಆಮೇಲೆ ತಾನೂ ಕೂಗಿದಳು. ಸೌಜನ್ಯ ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯವರ ಮಗಳು. ಅವಳಿಗೆ ನಾಟಿದ್ದು ಮೆತ್ತಗಿರು ಅನ್ನುವ ಸಾಲು. ಹಾಡು ಒಂದೇ, ತಾಗಿದ ಜಾಗ ಬೇರೆ. ಅವರಿಬ್ಬರ ಸ್ನೇಹ ಅಲ್ಲಿಂದ ಹುಟ್ಟಿತು.

ಮಾರನೆಯ ದಿನ ಭಾನುಪ್ರಿಯಾಗೆ ಗಂಟಲೇ ಇಲ್ಲ. ಅವ್ವ ಲಕ್ಷ್ಮಿದೇವಮ್ಮ ಮೆಣಸಿನ ಕಷಾಯ ಕಾಯಿಸಿ ಕೊಡುತ್ತ, "ಯಾರ್ ಜೊತೇಲಿ ಜಗಳಾಡ್ಬುಟ್ಟು ಬಂದ್ಯೇ?" ಎಂದು ಕೇಳಿದಳು.

ಆ ಮಳೆಗಾಲದಲ್ಲಿ ಗೆಳತಿಯರಿಬ್ಬರೂ ಬ್ಯಾಂಡು ಕೇಳಲು ಶೀತಲಗೃಹಕ್ಕೆ ಹೋಗತೊಡಗಿದರು. ಬಿತ್ತನೆಗೆಡ್ಡೆಯೆಲ್ಲ ಮಾರಾಟವಾಗಿ ಗೋದಾಮು ಖಾಲಿಯಾಗುತ್ತಿತ್ತು. ಅದರ ಗೋಡೆಗಳು ಎಷ್ಟು ದಪ್ಪವೆಂದರೆ ಒಳಗೆ ಲೋಕ ಮುಳುಗಿದರೂ ಹೊರಗೆ ಗಂಗಯ್ಯನ ತೂಕಡಿಕೆ ಕೆಡುತ್ತಿರಲಿಲ್ಲ. ಭಾನುವಾರದ ಹೊತ್ತು ಹಾಸನ, ಹೊಳೆನರಸೀಪುರ, ಅರಕಲಗೂಡಿನಿಂದೆಲ್ಲ ಹುಡುಗರು ಬಸ್ಸಿನಲ್ಲಿ ಬಂದು, ಹಳೇ ಗೋಣಿಚೀಲದ ಮೇಲೆ ಕೂತು, ಕೊನೆಗೆ ಅದೇ ಚೀಲಗಳನ್ನು ಗಾಳಿಗೆ ಎಸೆದು ಕುಣಿಯುತ್ತಿದ್ದರು. ಮಣ್ಣಿನ, ಆಲೂಗಡ್ಡೆಯ ಹಸಿವಾಸನೆ ಬಟ್ಟೆಗೆ ಹಿಡಿದು ಬರುತ್ತಿತ್ತು. ಭಾನುಪ್ರಿಯಾ ಅವನೊಂದಿಗೆ ಒಂದು ಸಲವೂ ಮಾತಾಡಲಿಲ್ಲ. ಮಾತಾಡಬೇಕು ಅನ್ನಿಸಲೂ ಇಲ್ಲ. ಅವಳು ಹೇಳಬೇಕಾದ್ದನ್ನೆಲ್ಲ ಅವನೇ ಹೇಳುತ್ತಿದ್ದ.

ಆಮೇಲೆ ಏನಾಯಿತು ಅಂದರೆ, ಎಲ್ಲರಿಗೂ ಆಗುವುದೇ ಆಯಿತು. ಗಿಟಾರಿನವನಿಗೆ ಮಂಗಳೂರಿನಲ್ಲಿ ಕೆಲಸ ಸಿಕ್ಕಿತು. ಬಸವರಾಜು ಗೂಡ್ಸ್ ಆಟೋ ಕೊಂಡ. ಸೌಜನ್ಯ ಮದುವೆಯಾಗಿ ಚನ್ನರಾಯಪಟ್ಟಣದಲ್ಲೇ ನಿಂತಳು. ಭಾನುಪ್ರಿಯಾಗೆ ಸಾರಿಗೆಯಲ್ಲಿ ನೌಕರಿಯಾಯಿತು, ಮದುವೆಯಾಯಿತು, ಮಗಳಾದಳು. ಶಾಂತರಾಜು ಎಲ್ಲಿದ್ದಾನೆಂದು ಯಾರೂ ಯಾರನ್ನೂ ಕೇಳಲಿಲ್ಲ. ಅಂಥವರು ಎಲ್ಲೋ ಹಾಡುತ್ತಲೇ ಇರುತ್ತಾರೆ ಅಂದುಕೊಂಡಿದ್ದರು.

ಅವನು ಮಾತ್ರ ಈಗ ಹೊಳೆನರಸೀಪುರದಲ್ಲಿ ಡಯಾಲಿಸಿಸ್ ಮಾಡಿಸಿಕೊಂಡು ಊರಿಗೆ ಹೋಗುತ್ತಿದ್ದ. ವಾರಕ್ಕೆರಡು ಸಲ ಅವಳ ಬಸ್ಸೇ. ಅವಳು ಕಿಟಕಿ ಪಕ್ಕದ ಒಂದು ಸೀಟಿನಲ್ಲಿ ತನ್ನ ಊಟದ ಚೀಲ ಇಟ್ಟು ಜಾಗ ಹಿಡಿಯುತ್ತಿದ್ದಳು. ಯಾರಾದರೂ ತಗಾದೆ ತೆಗೆದರೆ, "ಪೇಷೆಂಟ್ ಬತ್ತಾರೆ ಕಣ್ರೀ, ಒಳೀಕ್ ನಡೀರಿ!" ಎಂದು ಗದರುತ್ತಿದ್ದಳು. ಅವಳ ಗದರಿಕೆಗೆ ಎಂಬತ್ತು ಜನ ಹಿಂದಕ್ಕೆ ಸರಿಯುತ್ತಿದ್ದರು.

ಒಂದು ದಿನ ಅವನು ಅಂದ: "ಏನ್ ಗಂಟ್ಲವ್ವಾ ನಿಂದು! ನನ್ ಬ್ಯಾಂಡಲ್ಲಿ ಇರ್ಬೇಕಿತ್ತು ನೀನು."

ಅವಳಿಗೆ ಕಾಲೇಜಿನ ಆ ದಿನ, ಗೋಡೆಗೊರಗಿ ಕೂಗಿದ್ದು, ಕಷಾಯ ಕುಡಿದದ್ದು, ಎಲ್ಲ ಬಾಯಿತುದಿಗೆ ಬಂತು. ಅಷ್ಟರಲ್ಲಿ ಸ್ಟಾಪು ಬಂತು. ಆಧಾರ್ ಕಾರ್ಡು ಕೈಯಲ್ಲಿ ಹಿಡಿದ ಹೆಂಗಸರ ಗುಂಪು ನುಗ್ಗಿತು. ಟಿಕೆಟ್ ಹರಿದು ಮುಗಿಸುವ ಹೊತ್ತಿಗೆ ಅವನು ಕಿಟಕಿಗೆ ತಲೆಯಾನಿಸಿ ನಿದ್ದೆಹೋಗಿದ್ದ.

ಇನ್ನೊಂದು ದಿನ ಬಸ್ಸು ಖಾಲಿಯಿತ್ತು. ಅವಳು ಧೈರ್ಯ ಮಾಡಿ ಕೇಳಿದಳು. "ಆ 'ಇನ್ನೆಲ್ಲಿಗ್ಲಾ' ಹಾಡು ಒಂದೇ ಒಂದ್ ಸಲ ಏಳಿ ಸಾ. ಮೆಲ್ಲಗಾದ್ರೂ."

"ಮೆಲ್ಲಗೆ ಏಳೋ ಹಾಡಲ್ಲ ಕಣವ್ವ ಅದು," ಅಂದ. "ಜೋರಾಗ್ ಏಳಾಕೆ ಉಸ್ರಿಲ್ಲ." ಆದರೂ ಅವಳ ಮುಖ ನೋಡಿ, ಬೆರಳಿನ ಗಿಣ್ಣಿನಿಂದ ಮುಂದಿನ ಸೀಟಿನ ಕಂಬಿಯ ಮೇಲೆ ತಾಳ ಹಾಕಿದ. ಬಸ್ಸು ಏರು ಹತ್ತಿ ಇಳಿಯುವವರೆಗೂ ಹಾಕಿದ. ಮಾತುಗಳನ್ನು ಅವಳು ಮನಸ್ಸಿನಲ್ಲೇ ಕೂಡಿಸಿಕೊಂಡಳು.

ಮಾಗಿ ಚಳಿ ಶುರುವಾದ ಒಂದು ಮಧ್ಯಾಹ್ನ ಅವನು ಬರಲಿಲ್ಲ. ಡ್ರೈವರ್ ಕಾಂತರಾಜು ಹಾರನ್ ಒತ್ತಿದ. "ಟೈಮಾಯ್ತು ಮೇಡಂ."

"ಇನ್ನೊಂದ್ ಗಳಿಗೆ ತಡೀರಣ್ಣ."

ಕಾಂತರಾಜು ತಡೆದ. ಜನ ಗೊಣಗಿದರು. ಕೊನೆಗೆ ಅವಳೇ ಚೀಲವನ್ನು ಸೀಟಿನಿಂದ ಎತ್ತಿಕೊಂಡು "ರೈಟ್" ಅಂದಳು. ಕಾಂತರಾಜು ಕನ್ನಡಿಯಲ್ಲಿ ನೋಡಿ ಗೇರು ಹಾಕಿದ. ಆ ಸಂಜೆ ಸೌಜನ್ಯಳ ಫೋನು ಬಂತು. "ಭಾನು, ನಮ್ಮ ಶಾಂತರಾಜು ಹೋಗ್ಬಿಟ್ರಂತೆ ಕಣೆ," ಅಂದಳು.

ಬಸವರಾಜು ಎಲ್ಲರನ್ನೂ ಸೇರಿಸಿದ. ಶೀತಲಗೃಹದ ಅಂಗಳದಲ್ಲೇ, ಒಂದು ಭಾನುವಾರ. ಆವತ್ತು ಕೂದಲು ನಿಮಿರಿಸಿಕೊಂಡು ಬರುತ್ತಿದ್ದ ಹುಡುಗರಿಗೆ ಈಗ ಹೊಟ್ಟೆ ಬಂದಿತ್ತು. ಕೆಲವರು ಮಕ್ಕಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಬಂದರು. ಅರಕಲಗೂಡಿನ ಕಡೆಯಿಂದ ಶಾಂತರಾಜುವಿನ ತಾಯಿ ಶಿವಗಂಗಮ್ಮನನ್ನು ಬಸವರಾಜು ತನ್ನ ಆಟೋದಲ್ಲೇ ಕರೆತಂದಿದ್ದ. ಆಕೆ ಗಟ್ಟಿಮುಟ್ಟಾದ ಹೆಂಗಸು, ಇನ್ನೂ ಹೊಗೆಸೊಪ್ಪಿನ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದವಳು. ಹಾಕಿಕೊಟ್ಟ ಕುರ್ಚಿಯಲ್ಲಿ ಕೂತು, ಒಬ್ಬೊಬ್ಬರನ್ನೂ ದಿಟ್ಟಿಸಿ ನೋಡಿದಳು.

ಒಬ್ಬೊಬ್ಬರೇ ಎದ್ದು ಹೇಳಿದರು. ದೊಡ್ಡಗದ್ದವಳ್ಳಿಯವನೊಬ್ಬ ತನ್ನ ಅಕ್ಕನ ಮದುವೆಯ ಕತೆ ಹೇಳಿದ. ಆರ್ಕೆಸ್ಟ್ರಾ ಎಂದು ತಿಳಿದು ಇವರನ್ನು ಕರೆಸಿದ್ದರಂತೆ. ಮುದುಕಿಯರು ಸೋಬಾನೆ ಹಾಡಪ್ಪ ಅಂದಾಗ ಶಾಂತರಾಜು ಸೋಬಾನೆಯನ್ನೇ ಅರಚಿ ಹಾಡಿದ್ದ. ಬೀಗರು ಊಟ ಬಿಟ್ಟೆದ್ದರೂ ಮುದುಕಿಯರು ಮಾತ್ರ ಸೆರಗು ಕಟ್ಟಿ ಕುಣಿದಿದ್ದರು. ಆಲೂಗಡ್ಡೆ ಕೊಳೆತ ವರ್ಷ ಮಾರುಕಟ್ಟೆಯ ಅಂಗಳದಲ್ಲಿ ಹಾಡಿದ್ದನ್ನು ಇನ್ನೊಬ್ಬ ನೆನೆದ. ಯಾರೂ ಚಪ್ಪಾಳೆ ತಟ್ಟಲಿಲ್ಲವಂತೆ. ಹಾಡು ಮುಗಿದ ಮೇಲೆ ಒಬ್ಬ ಮುದುಕ ಬಂದು ಅವನ ಗಂಟಲ ಮೇಲೆ ಕೈಯಿಟ್ಟು, "ಎಲ್ಲಿಂದ ಬತ್ತದ್ಲಾ ಇದು?" ಎಂದು ಕೇಳಿದನಂತೆ.

ಭಾನುಪ್ರಿಯಾಳ ಸರದಿ ಬಂತು. ಬಸ್ಸು ತುಂಬ ಜನರನ್ನು ಗದರಿಸುವವಳು, "ನಮ್ ಬಸ್ನಲ್ಲಿ ಕಿಟಕಿ ಪಕ್ಕ ಕೂರ್ತಿದ್ರು," ಎಂದಷ್ಟೇ ಹೇಳಿ ಕೂತಳು. ಶಿವಗಂಗಮ್ಮ ಅವಳನ್ನು ಹೆಚ್ಚು ಹೊತ್ತು ನೋಡಿದಳು.

ಆ ಮೇಲೆ ಎಲ್ಲರೂ ಸೇರಿ ಆ ಹಾಡು ಹೇಳಲು ನೋಡಿದರು. ಬಸವರಾಜು ಡಬ್ಬ ಬಡಿದ. ಮೂರು ಸಾಲು ಸರಿಯಾಗಿ ಬಂತು, ನಾಲ್ಕನೆಯದು ಒಬ್ಬೊಬ್ಬರದು ಒಂದೊಂದಾಯಿತು. "ಅವ್ನು ಒಂದೊಂದ್ ಸಲ ಒಂದೊಂದ್ ಥರ ಏಳ್ತಿದ್ದ ಕಣ್ರಲಾ," ಎಂದು ಬಸವರಾಜು ಬಡಿಯುವುದನ್ನು ನಿಲ್ಲಿಸಿದ. ಅಷ್ಟು ಜನರ ದನಿ ಒಂದಾದರೂ ಅದು ಭಜನೆಯ ಹಾಗೆ ಸಪ್ಪಗಿತ್ತು. ಇಷ್ಟು ವರ್ಷ ಆ ಹಾಡು ತನ್ನೊಳಗೆ ಇದೆಯೆಂದು ಭಾನುಪ್ರಿಯಾ ತಿಳಿದಿದ್ದಳು. ಅದು ಅವನ ಗಂಟಲಲ್ಲಿ ಮಾತ್ರ ಇತ್ತು, ಅದನ್ನು ಅವನು ತಗೊಂಡು ಹೋಗಿದ್ದ.

ಆಗ ಸೌಜನ್ಯ ತನ್ನ ಬ್ಯಾಗಿನಿಂದ ಒಂದು ಹಳೆಯ ಮೊಬೈಲು ತೆಗೆದಳು. ಒಂದು ಭಾನುವಾರ ಗೋದಾಮಿನೊಳಗೆ ಹಿಡಿದಿಟ್ಟ ರೆಕಾರ್ಡಿಂಗು ಅದರಲ್ಲಿತ್ತು. ಬಸವರಾಜು ಅದನ್ನು ಸ್ಪೀಕರಿಗೆ ಜೋಡಿಸಿದ. ಒಡಕು ಒಡಕಾಗಿ ಆ ಕೂಗು ಅಂಗಳಕ್ಕೆ ಬಂತು. ಭಾನುಪ್ರಿಯಾಳ ತೋಳಿನ ಕೂದಲು ನಿಮಿರಿದವು. ಎಲ್ಲರ ಕಣ್ಣೂ ಶಿವಗಂಗಮ್ಮನ ಕಡೆ ತಿರುಗಿತು.

ಆಕೆ ಗಾಬರಿಯಾಗಿದ್ದಳು. "ಇದು ನನ್ ಮಗ್ನಾ?" ಅಂದಳು. "ಮನೇಲಿ ಸಾರ್ಗೆ ಉಪ್ಪಿಲ್ಲ ಅನ್ನಾಕೂ ನಾಚ್ಕತಿದ್ದ. ಇಷ್ಟ್ ಜೋರಾಗ್ ಅರ್ಚ್ತಿದ್ನಾ? ಯಾರೋ ಬ್ಯಾರೆಯವ್ರು ಇರ್ಬೇಕು, ನೋಡ್ರಪ್ಪ."

ಬಸವರಾಜು ಸ್ಪೀಕರು ಆರಿಸಿದ.

ಸಂಜೆ ಬಸವರಾಜುವಿಗೆ ಬಾಡಿಗೆ ಬಂದದ್ದರಿಂದ ಶಿವಗಂಗಮ್ಮನನ್ನು ಊರಿಗೆ ಮುಟ್ಟಿಸುವ ಕೆಲಸವನ್ನು ಭಾನುಪ್ರಿಯಾ ವಹಿಸಿಕೊಂಡಳು. ಹಾಸನದಿಂದ ಅರಕಲಗೂಡಿನ ಬಸ್ಸು ಹತ್ತಿ ಇಬ್ಬರೂ ಪಕ್ಕಪಕ್ಕ ಕೂತರು. ಸೌಜನ್ಯ ಆ ರೆಕಾರ್ಡಿಂಗನ್ನು ಭಾನುಪ್ರಿಯಾಳ ಫೋನಿಗೂ ಹಾಕಿಕೊಟ್ಟಿದ್ದಳು. ಊರು ದಾಟಿದ ಮೇಲೆ ಮುದುಕಿ, "ಇನ್ನೊಂದ್ ದಪ ಆಕವ್ವ," ಅಂದಳು.

ಹಾಕಿದಳು. ಹಿಂದಿನ ಸೀಟಿನವನು ಗೊಣಗಿದ. ಕಂಡಕ್ಟರ್ ಬಂದು, "ಮೊಬೈಲ್ ಸೌಂಡ್ ಇಡಂಗಿಲ್ಲ," ಅಂದವನು ಭಾನುಪ್ರಿಯಾಳನ್ನು ಗುರುತಿಸಿದ. "ಇವ್ರ ಮಗ ಕಣಣ್ಣ, ಈಚ್ಗೆ ತೀರ್ಕಂಡ್ರು," ಎಂದು ಅವಳು ಮೆಲ್ಲಗೆ ಹೇಳಿದಳು. ಅವನು ಮುಂದಕ್ಕೆ ಹೋದ.

"ಏನಂತವ್ನೆ? ಒಂದೂ ತಿಳೀತಿಲ್ಲ," ಅಂದಳು ಮುದುಕಿ.

ಭಾನುಪ್ರಿಯಾ ಮುದುಕಿಯ ಕಿವಿಗೆ ಬಾಯಿಟ್ಟು ಒಂದೊಂದೇ ಸಾಲು ಹೇಳಿದಳು. ಮೆತ್ತಗಿರು ಅಂದ್ರು. ಒತ್ತಟ್ಗಿರು ಅಂದ್ರು. ಶಿವಗಂಗಮ್ಮ "ಹೂಂ," ಅಂದಳು. "ಹೂಂ, ಅಂದ್ರು," ಅಂದಳು. ಅಷ್ಟರಲ್ಲಿ ಹಾಡು ಮುಗಿದು ಡ್ರಮ್ಮು ನಿಂತಿತು. ಆದರೆ ರೆಕಾರ್ಡಿಂಗು ಮುಗಿದಿರಲಿಲ್ಲ. ಸೌಜನ್ಯ ನಿಲ್ಲಿಸುವುದನ್ನು ಮರೆತಿದ್ದಳು. ಏದುಸಿರು ಕೇಳಿಸಿತು, ಯಾರೋ ನಕ್ಕರು, ಆಮೇಲೆ ಸಣ್ಣ ದನಿಯೊಂದು ಸಂಕೋಚದಿಂದ ಕೇಳಿತು: "ಒಸಿ ನೀರಿದ್ರೆ ಕೊಡ್ರಪ್ಪ."

ಶಿವಗಂಗಮ್ಮ ಭಾನುಪ್ರಿಯಾಳ ಮಣಿಕಟ್ಟು ಹಿಡಿದಳು. "ಇವ್ನು," ಅಂದಳು. "ಇವ್ನು ನನ್ ಮಗ."

ಆಮೇಲೆ ಆಕೆಗೆ ಹಾಡು ಬೇಕಾಗಲಿಲ್ಲ. ಅದೊಂದು ಮಾತು ಸಾಕಾಗಿತ್ತು. ಭಾನುಪ್ರಿಯಾ ಬೆರಳಿನಿಂದ ಹಿಂದಕ್ಕೆ ಸರಿಸುತ್ತಿದ್ದಳು, ಅವನು ನೀರು ಕೇಳುತ್ತಿದ್ದ. ಮತ್ತೆ ಸರಿಸುತ್ತಿದ್ದಳು, ಮತ್ತೆ ಕೇಳುತ್ತಿದ್ದ. ಹೊರಗೆ ಶುಂಠಿ ಹೊಲಗಳ ಮೇಲೆ ಬೆಳಕು ಇಳಿಯುತ್ತಿತ್ತು. ಕೇರಿಯ ತಿರುವಿನಲ್ಲಿ ಬಸ್ಸು ನಿಂತಾಗಲೂ ಮುದುಕಿ ಕೈ ಬಿಡಲಿಲ್ಲ. "ಬಾ, ಒಂದ್ ಮುದ್ದೆ ಉಂಡ್ಕಂಡ್ ಓಗೀವಂತೆ," ಅಂದಳು. ಭಾನುಪ್ರಿಯಾ ಗಂಡನಿಗೆ ಫೋನು ಮಾಡಿ, ಇವತ್ತು ಬರುವುದು ತಡವಾಗುತ್ತದೆ ಎಂದು ಹೇಳಿ, ಆಕೆಯ ಜೊತೆ ಇಳಿದಳು.