ಬಾಯಿ ಮೂಸಿ ಕೊಟ್ಟ ತೀರ್ಪು

ಇದನ್ನು ಬರೆಯಲು ಕುಳಿತಾಗಲೆಲ್ಲ ಏನಾದರೊಂದು ನೆಪ ತೆಗೆದು ಎದ್ದಿದ್ದೇನೆ. ಎಪ್ಪತ್ತರ ದಶಕದಲ್ಲಿ ಕೊಟ್ಟಾರದಿಂದ ಬೈಕಂಪಾಡಿಗೆ ಸೈಕಲ್ ರೇಸ್. ಶೇಂದಿಯ ಬಲದಲ್ಲಿ ಯಾರೂ ಗೆಲ್ಲದಂತೆ ನೋಡುವ ಕೆಲಸ ನನ್ನದು. ಗೆದ್ದವನ ಬಾಯಿ ಮೂಸುವುದೇ ಪರೀಕ್ಷೆ, ಬಹುಮಾನ ಹೊಸ ಸೈಕಲ್. ಬಾಡಿಗೆ ಸೈಕಲ್ಲಿನಲ್ಲಿ ಮೊದಲು ಬಂದ ಬೆಂಗ್ರೆಯ ಮೀನುಗಾರನನ್ನು ಮೂಸಿದೆ. ಗಮ್ಮೆಂದಿತು. “ಇವನು ಔಟ್” ಎಂದೆ.

ಅವನು ತಿರುಗಿ ನನ್ನನ್ನೇ ಮೂಸಿದ. “ಎಂತ ಮಾರಾಯ್ರೆ, ಕುಡಿದದ್ದು ನೀವು, ಔಟ್ ನಾನಾ?”

ನಿಜ. ರೇಸಿಗೆ ಮೊದಲೇ ನಾನೊಂದು ಕುಪ್ಪಿ ಶೇಂದಿ ಮುಗಿಸಿದ್ದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮರ್ಯಾದೆಗೆ ಅಂಜಿ ತೀರ್ಪು ಮಾತ್ರ ಬದಲಿಸಲಿಲ್ಲ. ಅವನು ಬಾಡಿಗೆ ಸೈಕಲ್ ಮರಳಿಸಲು ಹೋದ.

ಈಗ ಪೇಪರಿನಲ್ಲಿ ಸೈಕಲ್ ವೀರರ ಉದ್ದೀಪನ ಮದ್ದಿನ ಸುದ್ದಿ ಓದುವಾಗ, ಪರೀಕ್ಷೆ ಮಾಡುವವರನ್ನು ಯಾರು ಮೂಸುತ್ತಾರೆ ಎಂದು ಯೋಚಿಸುತ್ತೇನೆ. ನನ್ನನ್ನು ಮೂಸಿದವನು ಒಬ್ಬನೇ. ನಾನು ಕ್ಷಮೆ ಕೇಳದ ಅವನ ಹೆಸರು ವಾಮನ.